ಅಡುಗೆಮನೆಗೆ ತಲುಪದ ಹಾಡು

ಕೊಲೊವಾಯಿ, ಟೊಂಗಾ
೧೪ ಆಗಸ್ಟ್ ೨೦೦೯

ನನ್ನ ಮುದ್ದು ಸಿಯಾಲೆ,

ಹಾಗಾದರೆ ನಿನ್ನಮ್ಮ ನನ್ನ ರೇಡಿಯೋ ಕಾರ್ಯಕ್ರಮವನ್ನು ಕೇಳಿಯೇ ಇರಲಿಲ್ಲ ಅನ್ನು. ನಿನ್ನೆ ಇದನ್ನೇ ಕೇಳಲು ಬಾಯಿ ತೆರೆಯುವಷ್ಟರಲ್ಲಿ ಫೋನು ಕಡಿದುಹೋಯಿತು. ಹೋಗಿದ್ದೇ ಒಳ್ಳೆಯದಾಯಿತು, ಫೋನಿನಲ್ಲಿ ನನಗೆ ಸಿಟ್ಟು ಮಾಡಲು ಬರುವುದಿಲ್ಲ, ಮೈಕಿನ ಮುಂದೆ ಕೂತವನ ಹಾಗೆ ದನಿ ತಾನಾಗಿ ಮೆತ್ತಗಾಗುತ್ತದೆ. ಇರಲಿ, ಮೊದಲು ಕೇಳಬೇಕಾದ್ದನ್ನು ಕೇಳುತ್ತೇನೆ. ನಿನ್ನ ಸೊಂಟದ ನೋವು ಹೇಗಿದೆ? ಅಳಿಯ ಪೆನಿಗೆ ರಾತ್ರಿ ಪಾಳಿ ತಪ್ಪಿತೆ? ಮಗುವಿಗೆ ಹಲ್ಲು ಬಂತೆ? ಆಕ್ಲೆಂಡಿನ ಚಳಿಯಲ್ಲಿ ಬರಿಗಾಲಲ್ಲಿ ಓಡಾಡಬೇಡ, ನಿನಗೆ ಚಿಕ್ಕಂದಿನಿಂದ ಆ ಚಾಳಿ. ನನ್ನ ಆರೋಗ್ಯ ಚೆನ್ನಾಗಿದೆ. ನಿನ್ನೆ ಸಂಜೆಯವರೆಗೆ ಇನ್ನೂ ಚೆನ್ನಾಗಿತ್ತು.

ನಾನು ಎಷ್ಟು ಹಿಗ್ಗಿನಿಂದ ಹೇಳುತ್ತಿದ್ದೆ, ನೆನಪಿದೆಯೆ? ನಿವೃತ್ತನಾದ ಮುದುಕನನ್ನು ರೇಡಿಯೋದವರು ಮತ್ತೆ ಕರೆದಿದ್ದಾರೆ, ಈ ತಿಂಗಳ ಕೊನೆಯ ಶುಕ್ರವಾರ ಸಂಜೆ ಒಂದು ಗಂಟೆ ನನ್ನದು, ನಿನ್ನಮ್ಮ ಲೂಪೆ ತೀರಿಹೋಗಿ ವರ್ಷ ತುಂಬುವುದೂ ಅದೇ ದಿನ ಎಂದೆ. ದಿನಾ ಕಾರ್ಯಕ್ರಮದ ಕೊನೆಗೆ ಯಾರ ಹೆಸರನ್ನೂ ಹೇಳದೆ ಹಾಕುತ್ತಿದ್ದ ಆ ಒಂದು ಹಾಡು ಲೂಪೆಗಾಗಿ ಇತ್ತು ಎಂದು ಅವತ್ತು ಬಾಯಿಬಿಟ್ಟು ಹೇಳುತ್ತೇನೆ ಎಂದೆ. ಮಾತು ಮುಗಿದಿರಲಿಲ್ಲ, ನೀನು ನಕ್ಕುಬಿಟ್ಟೆ.

“ಅಯ್ಯೋ ಅಪ್ಪ, ಅಮ್ಮ ಎಲ್ಲಿ ಕೇಳ್ತಿದ್ದಳು? ಮನೇಲಿ ಮಾವ ಇರ್ತಿದ್ದನಲ್ಲ. ನಾನೇ ಅಡುಗೆಮನೆಗೆ ಓಡಿಹೋಗಿ ಹಾಡಿ ತೋರಿಸ್ತಿದ್ದೆ.”

ಈ ನಮ್ಮ ದ್ವೀಪದಲ್ಲಿ ಹಾಡು ಆರಿಸುವವನಿಗೆ ರಾಗಕ್ಕಿಂತ ಮೊದಲು ಮನೆಗಳು ಗೊತ್ತಿರಬೇಕು. ಅಣ್ಣ ತಂಗಿ, ಅಕ್ಕ ತಮ್ಮ ಒಂದೇ ಕೋಣೆಯಲ್ಲಿ ಕೂತು ಪ್ರೇಮಗೀತೆ ಕೇಳುವ ಹಾಗಿಲ್ಲ. ಕೇಳಿಬಂದರೆ ಗಂಡಸು ಎದ್ದುಹೋಗಬೇಕು. ಹೊಸಬ ಹುಡುಗನೊಬ್ಬ ಊಟದ ಹೊತ್ತಿಗೇ ಅಂಥದೊಂದನ್ನು ಹಾಕಿದ್ದಕ್ಕೆ ಮಾರನೆಯ ದಿನ ಸಂತೆಯಲ್ಲಿ ಹೆಂಗಸರು ನನ್ನನ್ನು ಸುತ್ತುಗಟ್ಟಿ, ‘ನಮ್ಮ ತಮ್ಮಂದಿರ ಗೆಣಸು ತಟ್ಟೇಲೇ ತಣ್ಣಗಾಯ್ತು, ಬಂದು ನೀನೇ ತಿನ್ನು’ ಎಂದು ಬೈದಿದ್ದರು. ಅದಕ್ಕೇ ನಾನು ಮೊದಲು ಸ್ತೋತ್ರ, ಆಮೇಲೆ ಊರು-ದ್ವೀಪಗಳನ್ನು ಹೊಗಳುವ ಹಾಡು, ಹಡಗಿನ ಹಾಡು ಹಾಕುತ್ತಿದ್ದೆ; ಗಂಡಸರೆಲ್ಲ ಕಾವಾ ಕುಡಿಯುವ ಕೂಟಕ್ಕೆ ಹೊರಟರು ಎಂದು ಖಾತ್ರಿಯಾದ ಮೇಲೆ ಗಿಟಾರಿನವು, ಮಲ್ಲಿಗೆಯವು, ಬಂದರಿನಲ್ಲಿ ಕಾಯುವವು. ಯಾವ ಊರಿನ ಕೂಟ ಎಷ್ಟು ಹೊತ್ತಿಗೆ ಶುರುವಾಗುತ್ತದೆ ಎಂದು ಪಾದ್ರಿಗಳಿಗಿಂತ ಚೆನ್ನಾಗಿ ನನಗೆ ಗೊತ್ತಿತ್ತು. ಗೊತ್ತಿಲ್ಲದಿದ್ದದ್ದು ನನ್ನ ಮನೆಯೊಂದೇ.

ನಿನ್ನ ಸೋದರಮಾವ ಫೆಲೆತಿ ಕಾಲು ಸೋತು ನಮ್ಮಲ್ಲಿಗೆ ಬಂದಾಗ ನಾನೇ ಅವನ ಹಾಸಿಗೆ ಹಾಸಿದವನು. ಸಂಜೆಯಾದರೆ ಪಕ್ಕದ ಮನೆಯ ಹೋಸಿಯಾ ಟ್ರಕ್ಕಿನಲ್ಲಿ ಅವನನ್ನು ಕೂಟಕ್ಕೆ ಕರೆದೊಯ್ಯುತ್ತಾನೆ ಎಂದು ನೀವು ತಾಯಿಮಗಳು ಹೇಳಿದಿರಿ, ನಾನು ನಂಬಿದೆ. ಒಂದೆರಡು ತಿಂಗಳು ಕರೆದೊಯ್ದನಂತೆ. ಆಮೇಲೆ ಟ್ರಕ್ಕು ಕೆಟ್ಟಿತು, ಮತ್ತೆ ಸರಿಯಾಯಿತು. ಆದರೆ ಇವನಿಗೆ ರೇಡಿಯೋದ ರುಚಿ ಹತ್ತಿಬಿಟ್ಟಿತ್ತು. ಇವತ್ತು ಬೆಳಿಗ್ಗೆ ಬ್ರೆಡ್ಡು ಅದ್ದಿಕೊಂಡು ತಿನ್ನುತ್ತಿದ್ದವನನ್ನು ನಿಲ್ಲಿಸಿ ಕೇಳಿದೆ. ಅವನು ಮುಚ್ಚಿಡಲೂ ಇಲ್ಲ.

“ನನ್ನ ಕಾಲು ಏಳ್ತಿರ್ಲಿಲ್ಲ, ನಿನ್ನ ಹಾಡು ನಿಲ್ತಿರ್ಲಿಲ್ಲ. ನಾನೇನು ಮಾಡ್ಲಿ ಭಾವ? ಅವಳೇ ಎದ್ದು ಹಿತ್ತಲಿನ ಅಡುಗೆಮನೆಗೆ ಹೋಗ್ತಿದ್ದಳು, ಅಲ್ಲಿಗೆ ಕೇಳಿಸ್ತಿರ್ಲಿಲ್ಲ.”

ರೇಡಿಯೋ ಆರಿಸಬಹುದಿತ್ತಲ್ಲ ಎಂದೆ.

“ನಿನ್ನ ಮನೇಲಿ ಕೂತು, ನಿನ್ನ ಅನ್ನ ತಿಂದು, ನಿನ್ನ ದನೀನ ಆರಿಸ್ಲಾ? ಅಷ್ಟು ಕೆಟ್ಟವನಲ್ಲ ನಾನು,” ಎಂದ. ಆಮೇಲೆ ಬ್ರೆಡ್ಡು ಮುಗಿಸಿ ಬಾಯೊರೆಸಿಕೊಂಡು, “ಅಷ್ಟೂ ವರ್ಷ ನನಗೇ ಪ್ರೇಮಗೀತೆ ಹಾಕಿದೀಯ ಅನ್ನು. ಹಾಡುಗಳೇನೋ ಚೆನ್ನಾಗಿದ್ವು ಭಾವ,” ಎಂದ. ಹೊಡೆಯಬೇಕೆನಿಸಿತು. ಕಾಲು ಸೋತವನನ್ನು ಹೇಗೆ ಹೊಡೆಯುವುದು?

ಕೊನೆಯ ಬಸ್ಸಿಗೆ ನಾನು ಬರುವಾಗ ನಿನ್ನಮ್ಮ ಕೆಸುವಿನೆಲೆಯ ಪೊಟ್ಟಣ ಬಿಸಿಯಾಗಿಟ್ಟುಕೊಂಡು ಕಾಯುತ್ತಿದ್ದಳು. ತಿನ್ನುವಾಗ ಅವಳದೊಂದು ಮಾತು ಇದ್ದೇ ಇರುತ್ತಿತ್ತು: ಇವತ್ತು ಗಿಟಾರ್ ಜಾಸ್ತಿಯಾಯ್ತು, ಆ ಹುಡುಗಿಯ ದನಿ ಅತ್ತು ಬಂದ ಹಾಗಿತ್ತು, ನಾಳೆ ನಗುವಂಥದ್ದು ಹಾಕಿ. ನಾನು ಹಾಗೇ ಹಾಕುತ್ತಿದ್ದೆ. ಇಡೀ ಟೊಂಗಾಕ್ಕೆ ಹಾಡು ಆರಿಸಿದ್ದು ಲಂಗ ಹಾಕಿಕೊಂಡು ಅಡುಗೆಮನೆಗೂ ಜಗಲಿಗೂ ಓಡಾಡುತ್ತಿದ್ದ ನೀನು ಎಂದು ಯಾರಿಗೆ ಹೇಳಲಿ? ಕಾಲೇಜಿನ ಇಂಗ್ಲಿಷಿನಲ್ಲಿ ಇದಕ್ಕೊಂದು ಮಾತಿತ್ತು, ‘ಬಿಹೈಂಡ್ ಮೈ’ ಏನೋ. ಬೆನ್ನೋ ಬಾಗಿಲೋ, ಈಗ ಬಾಯಿಗೆ ಬರುತ್ತಿಲ್ಲ.

ನಿನ್ನ ಮೇಲಾದರೂ ನಿನ್ನೆ ರಾತ್ರಿಯೇ ಸಿಟ್ಟು ಇಳಿಯುತ್ತಿತ್ತು. ಆದರೆ ನಿದ್ದೆ ಬಾರದೆ ಮಲಗಿದ್ದಾಗ ಇನ್ನೊಂದು ಹೊಳೆಯಿತು. ನೀನು ಮದುವೆಯಾಗಿ ಆಕ್ಲೆಂಡಿಗೆ ಹೋದ ಮೇಲೆ ಅವಳ ಮಾತು ಬದಲಾಗಿತ್ತು. ಗಿಟಾರ್ ಇಲ್ಲ, ಹುಡುಗಿಯ ದನಿ ಇಲ್ಲ; ‘ಚೆನ್ನಾಗಿತ್ತು’ ಅಷ್ಟೇ. ವಯಸ್ಸಾಯಿತು, ಇಬ್ಬರ ರುಚಿಯೂ ಒಂದಾಯಿತು ಎಂದು ನಾನು ಬೀಗುತ್ತಿದ್ದೆ. ಒಂದು ಸಂಜೆ ಚಂಡಮಾರುತದ ಎಚ್ಚರಿಕೆ ಓದುವುದರಲ್ಲೇ ಹೊತ್ತು ಮುಗಿದು ಕೊನೆಯ ಹಾಡನ್ನು ಹಾಕಲೇ ಆಗಲಿಲ್ಲ. ಮಳೆಯಲ್ಲಿ ತೊಯ್ದು ಮನೆಗೆ ಬಂದರೆ ಟವೆಲು ಕೊಡುತ್ತಾ, “ಕೊನೇ ಹಾಡು ಚೆನ್ನಾಗಿತ್ತು,” ಎಂದಳು. ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡು ನಕ್ಕೆ. ಅವಳೂ ನಕ್ಕಳು.

ಹೇಳಿದರೆ ತಮ್ಮನಿಗೆ ಅವಮಾನವಾಗುತ್ತದೆ, ತನ್ನಿಂದ ಅಕ್ಕ ಹೊಗೆಯಲ್ಲಿ ಕೂರುತ್ತಾಳೆ ಎಂದು ಅವನು ಮನೆ ಬಿಡುತ್ತಾನೆ, ಅದಕ್ಕೇ ಅಮ್ಮ ಹೇಳಲಿಲ್ಲ ಎಂದು ನೀನು ಅನ್ನುತ್ತೀಯ. ಗೊತ್ತು. ನಾನೂ ಈ ಮಣ್ಣಿನವನೇ. ಅವನ ಮರ್ಯಾದೆಯನ್ನು ಮೂರು ಜನ ಸೇರಿ ಕಾಪಾಡಿದಿರಿ. ನನ್ನದನ್ನು? ಚಾಪೆ ಹೆಣೆಯುತ್ತಾ ಒಬ್ಬಳೇ ಕೂತಿದ್ದವಳಿಗೆ ನಾನು ಊರೆಲ್ಲ ಕೇಳುವ ಹಾಗೆ ಮಾತಾಡುತ್ತಿದ್ದೆ, ಅವಳೊಬ್ಬಳನ್ನು ಬಿಟ್ಟು.

ಬಾವಲಿಗಳು ಎದ್ದವು, ಈ ಸಾಲೇ ನನಗೆ ಸರಿಯಾಗಿ ಕಾಣುತ್ತಿಲ್ಲ. ಒಳಗೆ ದೀಪ ಇದೆ. ಅದರ ಕೆಳಗೆ ನಿನ್ನ ಮಾವನೂ ಇದ್ದಾನೆ. ನಾನು ಹೋಗುವುದಿಲ್ಲ. ಪೆನಿಗೆ ನೆನಪು ಹೇಳು, ಮಗುವಿನ ನೆತ್ತಿಗೆ ನನ್ನ ಮುತ್ತು, ದೇವರು ನಿಮ್ಮನ್ನು ಬೆಚ್ಚಗಿಟ್ಟಿರಲಿ. ಪತ್ರದ ಕೊನೆಗೆ ‘ಐ ಬೆಗ್ ಟು ರಿಮೈನ್’ ಎಂದು ಕಾಲೇಜಿನಲ್ಲಿ ಬರೆಸುತ್ತಿದ್ದರು. ಉಳಿಯಲು ಯಾಕೆ ಬೇಡಬೇಕೋ ಆಗ ತಿಳಿದಿರಲಿಲ್ಲ.

ನಿನ್ನ ಅಪ್ಪ,
ಮೈಕೆಲಿ

ಮರೆಯುವ ಮೊದಲು: ಈ ಕಾಗದವನ್ನು ನಾಳೆ ವಿಮಾನ ಹತ್ತುವ ಪಾದ್ರಿಯ ಮಗಳ ಕೈಲಿ ಕಳಿಸುತ್ತಿದ್ದೇನೆ, ಸಿಕ್ಕಿದ ಕೂಡಲೇ ಫೋನು ಮಾಡು. ನೀನು ಅಡುಗೆಮನೆಯಲ್ಲಿ ಹಾಡಿ ತೋರಿಸಿದ್ದರಲ್ಲಿ ಯಾವುದನ್ನಾದರೂ ಅವಳು ಹೆಣೆಯುತ್ತಿದ್ದ ಚಾಪೆಯನ್ನು ಪಕ್ಕಕ್ಕಿಟ್ಟು ಇನ್ನೊಂದು ಸಲ ಹಾಡಿಸಿದ್ದಳೆ? ಒಂದೇ ಒಂದು ಇದ್ದರೂ ಸಾಕು, ಕೊನೆಯ ಶುಕ್ರವಾರ ಅದನ್ನು ಹಾಕುತ್ತೇನೆ. ಇಲ್ಲದಿದ್ದರೆ ಆ ಗಂಟೆ ಬೇರೆ ಯಾರಿಗಾದರೂ ಹೋಗಲಿ. ಈ ಸಲ ನನ್ನ ಮನಸ್ಸಿಗೆ ನೋವಾಗುತ್ತದೆ ಎಂದು ಸುಳ್ಳು ಹೇಳಬೇಡ.