ಕಪ್ಪು-ಬಿಳುಪು ಫೋಟೋಗೆ ಚಪ್ಪಾಳೆ

ವಾದಿ ಅದಾಯ್, ಮಸ್ಕತ್
14 ನವೆಂಬರ್ 2025, ಶುಕ್ರವಾರ

ಪ್ರೀತಿಯ ಅಕ್ಷಿ,

ಹೇಗಿದ್ದೀ ಮಗಾ? ಗಂಟಲು ಕಟ್ಟಿದ್ದು ಬಿಟ್ಟಿತಾ? ಲೈಪ್‌ಜಿಗ್‌ನಲ್ಲಿ ಈಗ ಚಳಿ ಜೋರಾಗಿರಬೇಕು. ಹಾಡುವ ದಿನ ತಣ್ಣಗಿನದ್ದು ಏನೂ ಮುಟ್ಟಬೇಡ, ಓಮದ ನೀರು ಕುಡಿ. ನೀನು ನರ್ಸಿಂಗ್ ಕಲಿಯಲು ಹೊರಟಾಗ ಕಟ್ಟಿಕೊಟ್ಟ ಓಮ ಮುಗಿದಿರಬಹುದು, ಮೇಲಿನ ಫ್ಲಾಟಿನ ಪಿಯುಸ್ ಅಂಕಲ್ ಕೈಯಲ್ಲಿ ಇನ್ನೊಂದು ಪೊಟ್ಟಣ ಕಳಿಸಿದ್ದೇನೆ. ಕಂಪೆನಿ ಕೆಲಸಕ್ಕೆ ಅವರು ನಾಳೆ ಜರ್ಮನಿಗೆ ಹೊರಟಿದ್ದಾರೆ. ನೀನು ನನ್ನ ಫೋನ್ ಎತ್ತುವುದನ್ನು ನಿಲ್ಲಿಸಿದ್ದೀಯಲ್ಲ, ಅದಕ್ಕೇ ಈ ಕಾಗದ. ಕನ್ನಡ ಸಂಘದ ಕ್ಲಾಸಿಗೆ ರಜಾದಿನ ನಿನ್ನನ್ನು ಎಳೆದುಕೊಂಡು ಹೋದದ್ದು ಇವತ್ತು ಉಪಯೋಗಕ್ಕೆ ಬಂತು. ಪಪ್ಪನ ಬಿಪಿ ಸ್ವಲ್ಪ ಏರಿದೆ, ಮಾತ್ರೆ ನುಂಗುತ್ತಿದ್ದಾರೆ. ಇನ್ನು ನನ್ನ ವಿಷಯ. ನಾನು ಬದುಕಿದ್ದೇನೆ. ಹೆತ್ತ ಮಗಳಿಗೆ ಇದನ್ನು ಬರೆದು ತಿಳಿಸಬೇಕಾಗಿ ಬಂತಲ್ಲ, ನನ್ನ ಕರ್ಮ.

ನೀನು ಟಿವಿಯಲ್ಲಿ ಹಾಡಿದ ದಿನ ಇಲ್ಲಿ ಏನಾಯಿತು ಎಂದು ನಿನಗೆ ಗೊತ್ತಿಲ್ಲ, ಕೇಳು. ನೀನು ಆ ಟಿವಿ ಸ್ಪರ್ಧೆಯ ಸೆಮಿಫೈನಲ್‌ಗೆ ಬಂದಿದ್ದೀ ಎಂದು ಗೊತ್ತಾದಾಗಿನಿಂದ ಮೇಲಿನ ಫ್ಲಾಟಿನ ಪ್ಯಾಟ್ರಿಷಿಯಾ ಆಂಟಿ ಮನೆಯಲ್ಲಿ ಮದುವೆಯ ಗಡಿಬಿಡಿ. ಪಿಯುಸ್ ಅಂಕಲ್ ತಮ್ಮ ದೊಡ್ಡ ಟಿವಿಗೆ ಲ್ಯಾಪ್‌ಟಾಪ್ ಜೋಡಿಸಿ ಜರ್ಮನ್ ಚಾನೆಲ್ ಹಿಡಿದಿದ್ದರು. ನಮ್ಮ ಭಜನಾ ಮಂಡಳಿಯವರೆಲ್ಲ ಬಂದಿದ್ದರು. ಗೋಳಿಬಜೆ ಕರಿದು ಕರಿದು ಸುಸ್ತಾದ ನನ್ನನ್ನು ಎಲ್ಲರೂ ಸೇರಿ ಮುಂದಿನ ಸೋಫಾದಲ್ಲಿ ಕೂರಿಸಿದರು. ಒಬ್ಬರಿಗೂ ಜರ್ಮನ್ ಬರುವುದಿಲ್ಲ. ನೀನು ಹಾಡುವ ಮೊದಲು ನಿನ್ನ ಬಗ್ಗೆ ಒಂದು ಸಣ್ಣ ಫಿಲಂ ತೋರಿಸಿದರು. ನೀನು ಆಸ್ಪತ್ರೆಯ ಯೂನಿಫಾರ್ಮಿನಲ್ಲಿ ನಡೆಯುವುದು, ಕಿಟಕಿಯ ಹತ್ತಿರ ಕುಳಿತು ಏನೋ ಹೇಳುವುದು, ಕಣ್ಣು ಒರೆಸಿಕೊಳ್ಳುವುದು. ಆಮೇಲೆ ಸ್ಕ್ರೀನ್ ತುಂಬ ನನ್ನ ಫೋಟೋ! ನೀನು ಹೈಸ್ಕೂಲಿನಲ್ಲಿದ್ದಾಗ ಮತ್ರಾ ಕಡಲ ಬದಿಯಲ್ಲಿ ನಿಲ್ಲಿಸಿ ತೆಗೆದದ್ದು. ಬಣ್ಣ ಮಾತ್ರ ತೆಗೆದು ಕಪ್ಪು-ಬಿಳುಪು ಮಾಡಿದ್ದರು, ಬದಿಯಲ್ಲೊಂದು ಮೇಣದಬತ್ತಿ ಉರಿಯುತ್ತಿತ್ತು. ನಾವು ಮಾಡಿದ್ದೇನು ಗೊತ್ತಾ? ಎದ್ದು ನಿಂತು ಚಪ್ಪಾಳೆ ತಟ್ಟಿದೆವು. ಪಿಯುಸ್ ಅಂಕಲ್ ಸಿಳ್ಳೆ ಹೊಡೆದರು. "ಕಪ್ಪು-ಬಿಳುಪಿನಲ್ಲಿ ನೀವು ಹಳೇ ಪಿಕ್ಚರಿನ ಹೀರೋಯಿನ್ ಹಾಗೆ ಕಾಣ್ತೀರಿ ಮಾರಾಯ್ರೆ" ಎಂದರು ಪ್ಯಾಟ್ರಿಷಿಯಾ ಆಂಟಿ. ನಾನೂ ನಾಚಿಕೊಂಡು ನಕ್ಕೆ. ನೀನು ಪಾಡ್ದನ ಎತ್ತಿಕೊಂಡೆ. ನನ್ನ ಅಜ್ಜಿ ಗದ್ದೆಯಲ್ಲಿ ನೇಜಿ ನೆಡುತ್ತ ಹೇಳುತ್ತಿದ್ದ ತುಳು ಹಾಡಿಗೆ ಒಬ್ಬ ಜರ್ಮನ್ ಜಡ್ಜ್ ಕಣ್ಣು ಒರೆಸಿಕೊಳ್ಳುವುದನ್ನು ಕಂಡು ನಾನೂ ಗಳಗಳ ಅತ್ತೆ. ಅವರು ಅತ್ತದ್ದು ಹಾಡಿಗಲ್ಲ, ನನ್ನ ಸಾವಿಗೆ ಎಂದು ನನಗೆ ಹೇಗೆ ಗೊತ್ತಾಗಬೇಕು?

ಆಮೇಲೆ ಇಂಗ್ಲಿಷ್ ಅಕ್ಷರ ಹಾಕಿದ ಕ್ಲಿಪ್ ಬಂತು. ಪ್ಯಾಟ್ರಿಷಿಯಾ ಆಂಟಿ ಫೋನ್ ಹಿಡಿದು ಕೆಳಗೆ ಬಂದವರು ಅದನ್ನು ನನ್ನ ಕೈಗಿಟ್ಟರು. ಅಮ್ಮ ತೀರಿಹೋಗಿ ಹತ್ತು ವರ್ಷವಾಯಿತು, ಅವಳದ್ದು ಅಂತ ನನ್ನಲ್ಲಿ ಉಳಿದದ್ದು ಈ ಹಾಡೊಂದೇ ಎಂದು ನೀನು ಹೇಳಿದ್ದೀ. ತಪ್ಪು ಬರೆದಿರಬೇಕು ಎಂದು ನಾನು ಪ್ಯಾಟ್ರಿಷಿಯಾ ಆಂಟಿಯ ಹತ್ತಿರ ವಾದ ಮಾಡಿದೆ ಮಗಾ. ನಿನ್ನ ಪರವಾಗಿ ವಾದ ಮಾಡಿದೆ! ಕೊನೆಗೆ ನಿನ್ನನ್ನೇ ಕೇಳಿ ಬರೆದೆ, ಆಗ ನಿನ್ನ ಮೆಸೇಜ್ ಬಂತು. "ಅಮ್ಮಾ, ದೇ ನೀಡೆಡ್ ಎ ಸ್ಟೋರಿ. ಇಟ್ಸ್ ಜಸ್ಟ್ ಟಿವಿ." ಅಷ್ಟೇ. ಅಲ್ಲಿಗೆ ನನ್ನ ವಾದ ಮುಗಿಯಿತು.

ಬಾಗಿಲು ದಾಟುವಾಗ ಹೋಗ್ತೇನೆ ಅಂದರೆ ಸಾಕು, ಬರ್ತೇನೆ ಅನ್ನಬೇಕು ಎಂದು ತಿದ್ದಿದ ಮನೆಯಲ್ಲಿ ಬೆಳೆದವಳು ನೀನು. ಅಂಥ ಬಾಯಿಂದ ಅಮ್ಮ ಸತ್ತಳು ಎಂದು ಬಂದದ್ದಾದರೂ ಹೇಗೆ? ಊರಿನ ಯಾವುದೋ ಪೇಜಿನಲ್ಲಿ "ಜರ್ಮನಿಯನ್ನೇ ಅಳಿಸಿದ ಕರಾವಳಿಯ ತಬ್ಬಲಿ" ಎಂದು ನಿನ್ನ ಸುದ್ದಿ ಬಂದಿದೆ. ಅದನ್ನು ನೋಡಿ ಸೊಹಾರ್‌ನ ಯಾರೋ ಪುಣ್ಯಾತ್ಮರು ಅದೇ ಫೋಟೋಗೆ ಕೆಳಗೊಂದು ತಾವರೆ, ಮೇಲೊಂದು ಓಂ ಶಾಂತಿ ಅಂಟಿಸಿ ವಾಟ್ಸ್ಆ್ಯಪ್ ಗ್ರೂಪುಗಳಲ್ಲಿ ಹಾಕಿದರು. ಹಿಂದೆ ನಮ್ಮ ಮಂಡಳಿಯಲ್ಲಿ ತಾಳ ಹಾಕುತ್ತಿದ್ದ ಬೋಜಣ್ಣ ಗೊತ್ತಲ್ಲ, ಈಗ ಸಲಾಲಾದಲ್ಲಿದ್ದಾರೆ. ಸಂತಾಪ ಹೇಳಲು ಅವರು ಪಪ್ಪನ ನಂಬರಿಗೆ ಫೋನ್ ಮಾಡಿದರು. ಪಪ್ಪ ಸ್ನಾನಕ್ಕೆ ಹೋಗಿದ್ದರು, ನಾನೇ ಎತ್ತಿದೆ. ವಸಂತಿ ಮಾತಾಡುವುದು ಎಂದದ್ದೇ ತಡ, ಲೈನ್ ಕಟ್. ಆಮೇಲೆ ಪಪ್ಪನಿಗೆ ಸಿಕ್ಕಿ ಮೊದಲು ಕೇಳಿದ್ದು, "ಫೋನ್ ಎತ್ತಿದ್ದು ಯಾರು ದೇಜಪ್ಪಣ್ಣ? ನಾನು ಆಗಲೇ ದೇವರಿಗೆ ದೀಪ ಹಚ್ಚಿ ಕೂತೆ." ಇದನ್ನು ಬರೆಯುವಾಗ ನನಗೂ ನಗು ಬರುತ್ತದೆ. ಆದರೆ ರುಸೈಲ್ ಫ್ಯಾಕ್ಟರಿಯಲ್ಲಿ ಪಪ್ಪನ ಒಮಾನಿ ಮ್ಯಾನೇಜರ್ ಈ ಸುದ್ದಿ ಕೇಳಿ ಸ್ಟೋರ್‌ರೂಮಿನವರೆಗೂ ನಡೆದುಬಂದು, ತಬ್ಬಿಕೊಂಡು, ಮನೆಗೆ ಹೋಗು ದೇಜಪ್ಪಾ, ರಜೆ ನಾನು ಬರೆದುಕೊಳ್ಳುತ್ತೇನೆ ಎಂದರಂತೆ. ಇಲ್ಲ ಸರ್, ಹೆಂಡತಿ ಇದ್ದಾಳೆ ಎಂದರೆ ಮಗಳು ಸುಳ್ಳಿ ಎಂದ ಹಾಗಾಯಿತು. ಪಪ್ಪ ಸುಮ್ಮನೆ ಮನೆಗೆ ಬಂದು ಶೂ ಕೂಡ ಬಿಚ್ಚದೆ ಕುಳಿತರು. ಅವರ ಮುಖ ನೋಡಲು ನನ್ನಿಂದ ಆಗಲಿಲ್ಲ.

ಕ್ಲಿಪ್ಪಿನ ಕೆಳಗೆ ಜರ್ಮನ್ನರು ಬರೆದದ್ದನ್ನೆಲ್ಲ ಫೋನಿನಲ್ಲಿ ಇಂಗ್ಲಿಷ್ ಮಾಡಿಸಿಕೊಂಡು ಓದುತ್ತಿದ್ದೇನೆ. ಎಂಥ ಒಳ್ಳೆಯ ಜನ! ಸಾವಿರಾರು ಜನ ನಿನಗೆ ಮೇಣದಬತ್ತಿಯ ಚಿತ್ರ ಹಾಕಿದ್ದಾರೆ. ಮುದುಕಿಯೊಬ್ಬರು, ತನ್ನ ತಾಯಿ ಹೆಣೆದ ಶಾಲು ಇದೆ, ತನಗೆ ಮಕ್ಕಳಿಲ್ಲ, ಅದನ್ನು ಆ ತಾಯಿಯಿಲ್ಲದ ಹುಡುಗಿಗೆ ತಲುಪಿಸುವುದು ಹೇಗೆ ಎಂದು ಕೇಳಿದ್ದಾರೆ. ಅದನ್ನು ಓದಿ ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ನೀನು ನನಗೆ ಮಾಡಿದ್ದನ್ನು ನಾನು ಹೇಗಾದರೂ ನುಂಗಿಕೊಂಡೇನು, ಆ ಅಜ್ಜಿ ನಿನಗೆ ಏನು ಮಾಡಿದ್ದರು?

ಪ್ಯಾಟ್ರಿಷಿಯಾ ಆಂಟಿ ಇನ್ನೊಂದನ್ನೂ ಹುಡುಕಿ ತೋರಿಸಿದರು. ಅದೇ ಸ್ಪರ್ಧೆಯಲ್ಲಿ ಹಿಂದೊಬ್ಬ ತನಗೆ ದೊಡ್ಡ ಕಾಯಿಲೆ ಎಂದು ಸುಳ್ಳು ಹೇಳಿ ಸಿಕ್ಕಿಬಿದ್ದನಂತೆ. ಮೊದಲು ಅತ್ತವರೇ ಆಮೇಲೆ ಅವನಿಗೆ ಉಗಿದದ್ದು ನೋಡಬೇಕು. ಕೆಲಸ ಹೋಯಿತು, ಊರು ಬಿಟ್ಟನಂತೆ. ಅದನ್ನು ಓದಿದ ಮೇಲೆ ರಾತ್ರಿ ಎದ್ದೆದ್ದು, ನಿನಗೂ ಯಾರಾದರೂ ಉಗಿದಿದ್ದಾರಾ ಎಂದು ಫೋನ್ ನೋಡುತ್ತೇನೆ. ಹಾಗೆಂದು ನಿನ್ನ ಮೇಲಿನ ಸಿಟ್ಟು ಇಳಿದಿದೆ ಎಂದು ತಿಳಿಯಬೇಡ. ತೆಂಗಿನಕಾಯಿ ತುರಿಯುತ್ತ ಒಂದೊಂದು ಸಾಲು ಹೇಳಿಕೊಟ್ಟವಳು ನಾನು. ರಾಗ ಎಳೆಯುವುದು ತಪ್ಪಿದಾಗ ನಿನ್ನ ತಲೆಗೆ ಮೊಟಕಿದವಳೂ ನಾನೇ. ಹಾಡು ನಿನ್ನದಾಗಲಿ, ಬಹುಮಾನವೂ ನಿನ್ನದಾಗಲಿ. ಕಲಿಸಿದವಳು ಮಸ್ಕತ್ತಿನಲ್ಲಿ ಇದ್ದಾಳೆ ಅಂದಿದ್ದರೆ ಆ ಜನ ಕಿವಿ ಮುಚ್ಚಿಕೊಳ್ಳುತ್ತಿದ್ದರಾ? ಬದುಕಿರುವ ಅಮ್ಮ ನಿನಗೆ ಅಷ್ಟು ಸಪ್ಪೆಯಾದಳಾ?

ಪಪ್ಪ ಚಾನೆಲ್‌ಗೆ ಇಮೇಲ್ ಬರೆದಿಟ್ಟಿದ್ದಾರೆ. "ಮೈ ವೈಫ್ ಈಸ್ ಅಲೈವ್" ಎಂದು ಒಂದೇ ಸಾಲು ಹೊಡೆದು, ಇಷ್ಟು ಸಾಕಾ ಎಂದು ನನ್ನನ್ನು ಕೇಳಿದರು. ಸಾಕು, ಕಳಿಸಿ ಎಂದು ಸಿಟ್ಟಿನಲ್ಲಿ ಅಂದುಬಿಟ್ಟೆ. ಅವರ ಬೆರಳು ಮುಂದೆ ಹೋಗಲಿಲ್ಲ. ಈಗ ನಾನು ಹೇಳುವುದು ಇಷ್ಟೇ. ಮುಂದಿನ ಶನಿವಾರ ಫೈನಲ್. ಹಾಡುವ ಮೊದಲು ಮೈಕ್ ಹಿಡಿದು ನೀನೇ ನಿಜ ಹೇಳಿಬಿಡು. ಜನ ಬೈಯಲಿ, ವೋಟು ಹೋಗಲಿ, ತಾನಾಗಿ ಒಪ್ಪಿಕೊಂಡವಳು ಎಂಬ ಮಾತಾದರೂ ಉಳಿಯುತ್ತದೆ. ನೀನು ಹೇಳದಿದ್ದರೆ ಪಪ್ಪನ ಇಮೇಲ್ ಹೋಗುತ್ತದೆ, ನಾನು ತಡೆಯುವುದಿಲ್ಲ. ಇದು ನನ್ನ ಕೊನೆಯ ಮಾತು.

ಹೊತ್ತಿಗೆ ಸರಿಯಾಗಿ ಉಣ್ಣು, ತಲೆ ಒದ್ದೆ ಇಟ್ಟುಕೊಂಡು ಹೊರಗೆ ಓಡಬೇಡ. ಸಿಟ್ಟು ಎಷ್ಟಿದ್ದರೂ ದೇವರ ಮುಂದೆ ಕೈಮುಗಿದಾಗ ಬಾಯಿಗೆ ಬರುವುದು ನಿನ್ನ ಹೆಸರೇ. ಎಲ್ಲಿದ್ದರೂ ಚೆನ್ನಾಗಿರು.

ಇನ್ನೂ ಉಸಿರಾಡುತ್ತಿರುವ
ನಿನ್ನ ಅಮ್ಮ, ವಸಂತಿ

ವಿ.ಸೂ.: ಕವರಿಗೆ ಅಂಟು ಹಚ್ಚುತ್ತಿದ್ದೆ, ಫೋನ್ ಬಂತು. ಚಾನೆಲ್‌ನ ಮ್ಯಾಕ್ಸಿಮ್ ಎಂಬ ಹುಡುಗ, ಮಾತು ಬಹಳ ಮೆತ್ತಗೆ. ಫೈನಲ್ ದಿನ ಮನೆಯವರನ್ನು ವಿಡಿಯೋದಲ್ಲಿ ತೋರಿಸುತ್ತಾರಂತೆ, ನಿನಗೆ ಮೊದಲೇ ಹೇಳುವುದಿಲ್ಲವಂತೆ. ನೀವು ಅಕ್ಷಿತಾಗೆ ಏನಾಗಬೇಕು ಎಂದು ಕೇಳಿದ. ಪಪ್ಪ ನನ್ನ ಬಾಯನ್ನೇ ನೋಡುತ್ತಿದ್ದರು. ಚಿಕ್ಕಮ್ಮ ಎಂದೆ. ಅವಳ ಅಮ್ಮನ ಸ್ವಂತ ತಂಗಿ, ಮುಖ ಒಂದೇ ತರ ಎಂದೂ ಸೇರಿಸಿದೆ. ಅವನು ನಿಮ್ಮ ಅಕ್ಕ ಹೋದದ್ದಕ್ಕೆ ತುಂಬಾ ಬೇಸರವಾಯಿತು ಎಂದ, ನಾನು ಥ್ಯಾಂಕ್ ಯೂ ಎಂದೆ. ಪಪ್ಪ ಲ್ಯಾಪ್‌ಟಾಪ್ ಮುಚ್ಚಿಟ್ಟು ಹೊರಗೆ ಹೋಗಿದ್ದಾರೆ. ಮೇಲೆ ಬರೆದದ್ದನ್ನೆಲ್ಲ ಬಿಟ್ಟುಬಿಡು, ವೇದಿಕೆಯಲ್ಲಿ ಏನೂ ಹೇಳಲು ಹೋಗಬೇಡ. ಶನಿವಾರ ಸ್ಕ್ರೀನಿನಲ್ಲಿ ನನ್ನ ಮುಖ ಕಂಡಾಗ ಬಾಯಿ ತಪ್ಪಿ ಅಮ್ಮಾ ಎಂದುಬಿಡಬೇಡ ಮಗಾ.