ಸ್ಟುಡಿಬೇಕರ್‌ನ ಹಿಂದಿನ ಸೀಟು

ಜೆ.ಪಿ. ನಗರದ ಅಪಾರ್ಟ್‌ಮೆಂಟಿನ ಆರನೇ ಮಹಡಿಯಲ್ಲಿ ವಿರಾಜಮಾನರಾದ ಚಿದಾನಂದ್ ದೊಡ್ಡಪ್ಪನವರ ದಿವ್ಯ ಸನ್ನಿಧಿಗೆ,

ಪದ್ಮನಾಭನಗರದಿಂದ ನಿಮ್ಮ ತಮ್ಮನ ಮಗಳು ಲಿಖಿತಾ ಮಾಡುವ ಅರ್ಧ ನಮಸ್ಕಾರ. ಉಳಿದರ್ಧವನ್ನು ಆಯುಧಪೂಜೆಯ ದಿನ ತಮ್ಮ ನಡವಳಿಕೆ ನೋಡಿ ಕೊಡಲಾಗುವುದು.

ಯಡಿಯೂರು ಕೆರೆ ಹತ್ತಿರ ತೆಗೆದ ಫೋಟೋಗಾಗಿ ಮೂರು ಸಲ ಮೆಸೇಜ್ ಹಾಕಿದ್ದೀರಿ. 'ಹಾಲ್‌ನಲ್ಲಿ ಹಾಕಿಸ್ಬೇಕು, ಬೇಗ ಕಳ್ಸೇ.' ಕೊಡುತ್ತೇನೆ. ಅದಕ್ಕೂ ಮೊದಲು ಆ ಭಾನುವಾರ ಏನಾಯಿತು ಅಂತ ಜ್ಞಾಪಿಸಿಬಿಡುತ್ತೇನೆ. ನಿಮ್ಮ ಜ್ಞಾಪಕಶಕ್ತಿ ತನಗೆ ಅನುಕೂಲವಾದಾಗ ಮಾತ್ರ ಡ್ಯೂಟಿಗೆ ಬರುತ್ತದೆ.

ತಿಂಡಿ ಮುಗಿಸಿ ನಾನು, ನೀವು, ತಾತ ನಡೆದು ಬರುತ್ತಿದ್ದೆವು. ಮರದ ಕೆಳಗೆ ಕಡುಹಸಿರು ಬಣ್ಣದ ಹಳೇ ಸ್ಟುಡಿಬೇಕರ್ ಕಾರು ನಿಂತಿತ್ತು. ಜನರೆಲ್ಲ ಫೋನ್ ತೆಗೆದರು. ತಾತ ಚಪ್ಪಲಿ ಬಿಟ್ಟರು. ಎಂಬತ್ತಮೂರರ ಮನುಷ್ಯ, ನಡುರಸ್ತೆಯಲ್ಲಿ ಬರಿಗಾಲಲ್ಲಿ ನಿಂತು ಬಾನೆಟ್ ಮೇಲೆ ಅಂಗೈ ಇಟ್ಟರು. ಬಸವನಗುಡಿಯ ಸಾಹುಕಾರರ ಮನೆಯಲ್ಲಿ ಹನ್ನೊಂದು ವರ್ಷ ಇಂಥದ್ದೇ ಕಾರು ಓಡಿಸಿ, ನಿಮ್ಮನ್ನೂ ನನ್ನ ಅಪ್ಪನನ್ನೂ ಸಾಕಿದ ಅಂಗೈ.

ಕಾರಿನ ಮಾಲೀಕ ಸಿದ್ದರಾಜು ಖುಷಿಯ ಮನುಷ್ಯ. 'ಇದನ್ನ ಸ್ಟಾರ್ಟ್ ಮಾಡೋದು ಹೇಗೆ, ಹೇಳಿ ನೋಡೋಣ ಯಜಮಾನ್ರೇ. ಎಲ್ಲಾರೂ ಬಟನ್ ಹುಡುಕ್ತಾರೆ' ಅಂದರು.

'ಬಟನ್ ಎಲ್ಲಿಂದ ಬರ್ಬೇಕು ಸ್ವಾಮಿ? ಕೀ ತಿರುಗ್ಸಿ, ಕ್ಲಚ್ಚನ್ನ ನೆಲ ಮುಟ್ಟೋ ಹಂಗೆ ತುಳೀರಿ. ಏಳ್ತಾಳೆ.'

'ಅರೆ! ನಿಮಗೆ ಹೇಗೆ ಗೊತ್ತು?'

ತಾತ ಬಾಯಿ ತೆರೆಯುವಷ್ಟರಲ್ಲಿ ನೀವು ನುಗ್ಗಿದಿರಿ. 'ನಮ್ಮನೇಲೂ ಒಂದಿತ್ತು ಸಾರ್. ಇವ್ರು ನಮ್ಮ ಡ್ರೈವರ್.'

ಸಾವಿನ ಮನೆಯಲ್ಲೂ ನಗು ತಡೆಯಲಾಗದವಳು ನಾನು. ಅವತ್ತು ಬರಲಿಲ್ಲ.

ಸಿದ್ದರಾಜು ತಾತನ ಕೈಗೆ ಕೀ ಕೊಟ್ಟು, 'ಒಂದ್ ರೌಂಡ್ ನೀವೇ ಓಡ್ಸಿ' ಅಂದರು. ತಾತ ಏನು ಮಾಡಿದರು? ಹಿಂದಿನ ಬಾಗಿಲು ತೆರೆದು ಹಿಡಿದರು. ನಿಮ್ಮ ಮುಖ ನೋಡದೆ, 'ಬನ್ನಿ ಸಾರ್, ಕೂತ್ಕೊಳಿ' ಅಂದರು.

ನೀವು ಕೂತಿರಿ! ದೊಡ್ಡಪ್ಪಾ, ಸುಳ್ಳನ್ನಾದರೂ ಕ್ಷಮಿಸುತ್ತಿದ್ದೆ. 'ಅಯ್ಯೋ, ತಮಾಷೆಗಂದೆ ಅಪ್ಪಾ' ಅನ್ನಲು ಒಂದು ಸುತ್ತಿನಷ್ಟು ಟೈಮಿತ್ತು. ನೀವು ಕೂಲಿಂಗ್ ಗ್ಲಾಸ್ ಸರಿಮಾಡಿಕೊಂಡು, ಕಿಟಕಿಯಿಂದ ತಲೆ ಹೊರಗೆ ಹಾಕಿ, 'ತೆಗಿಯೇ, ಫೋಟೋ ತೆಗಿ' ಅಂದಿರಿ. ತೆಗೆದೆ. ಸುತ್ತು ಮುಗಿಸಿ ತಾತ ಇಳಿದು, ಮತ್ತೆ ಬಾಗಿಲು ತೆರೆದು, 'ಇಳೀರಿ ಸಾರ್' ಅಂದರು. ನೀವು ಇಳಿದಿರಿ. ಆಮೇಲೆ ಅವರು ಚಪ್ಪಲಿ ಮೆಟ್ಟಿಕೊಂಡರು.

ನೀವು ನಿಮ್ಮ ದಾರಿ ಹಿಡಿದ ಮೇಲೆ, ಆಟೋದಲ್ಲಿ ನಾನು ನಿಮ್ಮನ್ನು ಬಾಯಿಗೆ ಬಂದಂತೆ ಬೈದೆ. ತಾತ ತಡೆದರು. 'ಬಿಡು ಮಗಾ. ಡ್ರೈವರ್ ಅಂದಿದ್ದು ಸುಳ್ಳಲ್ವಲ್ಲ. ಇನ್ನೊಂದು ಹೇಳೋದು ಮರೆತ, ಅಷ್ಟೆ.' ಮನೆ ಬರುವವರೆಗೂ ಅವರ ಎಡಗಾಲು ಮಾತ್ರ ಇಲ್ಲದ ಕ್ಲಚ್ಚನ್ನು ಒತ್ತುತ್ತಲೇ ಇತ್ತು.

ಈ ಸಲದ ಆಯುಧಪೂಜೆಗೂ ನಿಮ್ಮ ಹೊಸ ಕಾರಿಗೆ ತಾತನೇ ವಿಭೂತಿ ಹಚ್ಚಬೇಕಂತೆ. 'ಹೋಗ್ಬೇಡಿ' ಅಂದೆ. ಕೇಳಲಿಲ್ಲ, ಪಂಚೆ ಆಗಲೇ ಇಸ್ತ್ರಿಯಾಗಿದೆ. ಹಾಗಾಗಿ ನಾನೂ ಬರುತ್ತೇನೆ, ಫೋಟೋಗೆ ಕಟ್ಟು ಹಾಕಿಸಿಕೊಂಡು. ಕೆಳಗೆ ದಪ್ಪಕ್ಷರದಲ್ಲಿ ಬರೆಸಿದ್ದೇನೆ: 'ಓಡಿಸುತ್ತಿರುವವರು ಕೊಟ್ರಪ್ಪ, ತಂದೆ. ಹಿಂದೆ ಕೂತವರು ಚಿದಾನಂದ್, ಮಗ.'

ಅಪಾರ್ಟ್‌ಮೆಂಟಿನವರೆಲ್ಲ ಸೇರಿದಾಗ ನೀವೇ 'ಇವ್ರು ನಮ್ಮಪ್ಪ' ಅಂದರೆ, ಫೋಟೋ ನಿಮ್ಮ ಹಾಲಿಗೆ. ಅನ್ನದಿದ್ದರೆ, ಲಿಫ್ಟ್ ಪಕ್ಕದ ಗೋಡೆಗೆ. ಮೊಳೆ, ಸುತ್ತಿಗೆ ಬ್ಯಾಗಿನಲ್ಲಿರುತ್ತವೆ. ಹೋದ ಯುಗಾದಿಗೆ ನಿಮ್ಮ ಶೂ ಒಳಗೆ ಹಾಗಲಕಾಯಿ ಇಟ್ಟವಳೂ ನಾನೇ. ಆದ್ದರಿಂದ ಬರೀ ಬೆದರಿಕೆ ಅಂದುಕೊಳ್ಳಬೇಡಿ.

ನಾಲ್ಕು ಚಕ್ರದ ಕೆಳಗಿನ ನಾಲ್ಕು ನಿಂಬೆಹಣ್ಣೂ ಸಲೀಸಾಗಿ ಒಡೆಯಲಿ. ನಿಮ್ಮ ಗಂಟಲಲ್ಲಿ ಸಿಕ್ಕಿಕೊಂಡಿರುವ ಆ ಒಂದು ಪದವೂ ಹೊರಗೆ ಬರಲಿ.

ಇತಿ,
ಡ್ರೈವರ್ ಕೊಟ್ರಪ್ಪನವರ ಮೊಮ್ಮಗಳು
ಲಿಖಿತಾ