ನಗುತ್ತ ಹೋದವಳ ಉತ್ತರ

ಬನಶಂಕರಿ ಎರಡನೇ ಹಂತ
೧೪ ಆಗಸ್ಟ್ ೨೦೨೫

ಕಂಪನಿಯ ಎಂ.ಡಿ. ಆಗಿರುವ ಗೆಳತಿ ಚೈತ್ರಾಗೆ,

ನಾನು ಕ್ಷೇಮ. ನೀನೂ ಕ್ಷೇಮವೆಂದು ಪೇಪರಿನ ಫೋಟೋ ನೋಡಿ ತಿಳಿಯಿತು. ನಿನ್ನ ಮೆಸೇಜಿಗೆ ಹನ್ನೆರಡು ದಿನ ಉತ್ತರಿಸಲಿಲ್ಲ, ಕ್ಷಮೆಯಿರಲಿ. ಫೋನಿನಲ್ಲಿ ಬರೆದಿದ್ದರೆ ಬರೀ ಬೈಗುಳವಾಗುತ್ತಿತ್ತು, ಅದಕ್ಕೇ ಈ ಕಾಗದ.

ಜಯನಗರದ ಸಭೆಯಲ್ಲಿ ನಿನ್ನ ಪ್ರಕಾರ ಯಶಸ್ಸು ಎಂದರೇನು ಎಂದು ಕೇಳಿದರಂತೆ. "ನಮ್ಮ ಕಂಪನಿ ಬಿಟ್ಟು ಹೋಗೋರೂ ನಗ್ತಾ ಹೋಗ್ಬೇಕು, ಅದೇ ನನ್ನ ಸಕ್ಸೆಸ್" ಎಂದೆಯಂತೆ. ಚಪ್ಪಾಳೆಯೋ ಚಪ್ಪಾಳೆ. ಈಗ ಅದಕ್ಕೊಂದು ಪ್ರಶಸ್ತಿ ಬರುವ ಹಾಗಿದೆ, ಅದು ಸಿಗಲು ಬಿಟ್ಟುಹೋದವಳೊಬ್ಬಳು ಎರಡು ನಿಮಿಷ ವಿಡಿಯೋದಲ್ಲಿ ನಗಬೇಕು. ನಾನು ನಕ್ಕರೆ ವಾಪಸ್ ಕೆಲಸಕ್ಕೆ ತೆಗೆದುಕೊಳ್ಳುವ ಬಗ್ಗೆ ಯೋಚಿಸುತ್ತೀಯ. ನಿನ್ನ ಮೆಸೇಜಿನಲ್ಲಿ ಇದ್ದದ್ದು ಇಷ್ಟೇ ತಾನೆ?

ನಾನು ಹೇಗೆ ಹೋದೆ, ಕೇಳು. ಜೂನ್ ಆರರಂದು ಅರೆಕೆರೆ ಆಫೀಸಿನಲ್ಲಿ ಕೆಲಸದಿಂದ ತೆಗೆದ ಹತ್ತೇ ನಿಮಿಷಕ್ಕೆ ನೀವೆಲ್ಲ ಸೇರಿ ಕೇಕ್ ತರಿಸಿದಿರಿ. ಫೋಟೋದವನು ಮೂರು ಸಲ "ಸ್ಮೈಲ್ ಮೇಡಂ" ಎಂದ. ಉಳಿದ ಕೇಕನ್ನು ಕೈಗೆ ಕೊಟ್ಟು ಕಳಿಸಿದಿರಿ. ಮನೆಯಲ್ಲಿ ನಮ್ಮತ್ತೆ ನೀಲಗಂಗಮ್ಮ ಅದನ್ನು ನೋಡಿ, ಸೊಸೆಗೆ ಪ್ರಮೋಷನ್ ಎಂದುಕೊಂಡು ಬೀದಿಗೆಲ್ಲ ಹಂಚಿಬಿಟ್ಟರು. ನಾನು ನಿಜ ಮುಚ್ಚಿಟ್ಟೆ. ಎರಡು ತಿಂಗಳು ದಿನಾ ಬೆಳಿಗ್ಗೆ ಊಟದ ಡಬ್ಬಿ ಹಿಡಿದು ಹೊರಟು, ಲೈಬ್ರರಿಯಲ್ಲಿ ಕೂತು ಸಂಜೆ ಮನೆಗೆ ಬರುತ್ತಿದ್ದೆ. ಈ ವಯಸ್ಸಿಗೆ ನಾಚಿಕೆಗೇಡು.

ನಿನ್ನೆ ಅತ್ತೆಗೆ ಎಲ್ಲ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. "ಹೆಣ ಎತ್ತೋ ಮನೇಲಿ ಹೋಳಿಗೆ ಹಂಚ್ದಂಗಾಯ್ತಲ್ಲವ್ವಾ" ಎಂದರು. ಆಮೇಲೆ, ಆ ವಿಡಿಯೋಗೆ ಹೋಗಕೂಡದು ಎಂದರು. ಅವರು ಹೇಳದಿದ್ದರೂ ಹೋಗುತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಕೆಲಸ ಬೇಕಲ್ಲ, ಕನ್ನಡಿ ಮುಂದೆ ನಗುವುದನ್ನೂ ಅಭ್ಯಾಸ ಮಾಡಿದ್ದೆ. ಈಗ ಆಗುವುದಿಲ್ಲ. ಆ ಕೇಕಿನ ಫೋಟೋವನ್ನೂ ನಿಮ್ಮ ವೆಬ್‌ಸೈಟಿನಿಂದ ತೆಗೆಸು.

ಕಾಗದದ ಕೊನೆಗೆ ಒಳ್ಳೆಯದಾಗಲಿ ಎಂದು ಹಾರೈಸುವುದು ಪದ್ಧತಿ. ನಿನಗೆ ಹಾಗೆ ಬರೆಯಲು ಕೈ ಬರುತ್ತಿಲ್ಲ. ನಿನ್ನ ಮಗಳು ಲಿಖಿತಾಗೆ ಮಾತ್ರ ನನ್ನ ತುಂಬು ಆಶೀರ್ವಾದ.

ಜ್ಯೋತ್ಸ್ನಾ

ಮರೆತಿದ್ದೆ: ಕೆಲಸ ಹೋಗಿದ್ದಕ್ಕೆ ನನಗೆ ಇಷ್ಟು ಉರಿಯುತ್ತಿಲ್ಲ, ವ್ಯಾಪಾರವೆಂದ ಮೇಲೆ ಅದು ಇದ್ದದ್ದೇ. ಮಡಿವಾಳದ ಪಿಜಿಯಲ್ಲಿ ಒಂದೇ ಹಾಸಿಗೆ ಹಂಚಿಕೊಂಡ ಕಾಲದಿಂದ ಹತ್ತೊಂಬತ್ತು ವರ್ಷ ನನ್ನನ್ನು 'ಲೇ' ಎಂದು ಕರೆದವಳು ನೀನು. ಅವತ್ತು ಹೆಚ್.ಆರ್. ಎದುರಿಗೆ ಕೂತು, ಕಾಗದ ನೋಡಿಕೊಂಡು, "ನೀವು ನಮ್ಗೆ ತುಂಬಾ ಹೆಲ್ಪ್ ಮಾಡಿದೀರಾ" ಎಂದೆ. ನನ್ನನ್ನು 'ನೀವು' ಎಂದೆ, ಚೈತ್ರಾ.